ಬ್ಲ್ಯಾಕ್ ಸಬ್ಬತ್ ಮೊದಲ ಆಲ್ಬಂ: ಗದ್ದಲ ಅಂದೋರು, ಗುಡಿ ಕಟ್ಟಿದೋರು

ಪೋಸ್ಟ್ ಸ್ವಲ್ಪ ಉದ್ದ ಇದೆ, ಪುರುಸೊತ್ತಿದ್ದಾಗ ಓದಿ.

2025ರ ಜುಲೈ 22ರಂದು ಓಜಿ ಆಸ್ಬರ್ನ್ ತೀರಿಕೊಂಡ. ಆಗಿನಿಂದ ನಮ್ಮ ಗೆಳೆಯರ ನಡುವೆ ಒಂದು ವಾದ ಆಗಾಗ ಎದ್ದು ಕೂರ್ತಾ ಇದೆ. ಬ್ಲ್ಯಾಕ್ ಸಬ್ಬತ್ ಅನ್ನೋ ಬ್ಯಾಂಡಿನ ಮೊದಲ ಆಲ್ಬಂ ಸಂಗೀತವಾ, ಕಿರುಚಾಟವಾ ಅಂತ. ಚರ್ಚಿಗೆ ಹೋಗೋ ಒಬ್ಬ ಅಣ್ಣ "ಅದು ಸೈತಾನನ ಪೂಜೆ, ಮಕ್ಕಳ ಕಿವಿಗೆ ಬೀಳಬಾರದು" ಅಂತಾನೆ. ಕೆಂಪು ಬಾವುಟದ ಗೆಳೆಯ "ಅದು ಶುದ್ಧ ಕಾರ್ಮಿಕ ವರ್ಗದ ದನಿ" ಅಂತ ಕಣ್ಣು ಮುಚ್ಚಿ ಹೇಳ್ತಾನೆ. ಮೂರನೆಯವರು, ನಮ್ಮ ಸಂಘಟನೆಯವರೇ, "ನೀಲಿ ಬಾವುಟ ಹಿಡಿದೋನಿಗೆ ಬಿಳಿಯರ ಗಿಟಾರಿನ ಉಸಾಬರಿ ಯಾಕಪ್ಪ?" ಅಂತ ಕೇಳ್ತಾರೆ. ನ್ಯಾಯವಾದ ಪ್ರಶ್ನೆನೇ. ನನಗೆ ಈ ಮೂರೂ ಮಾತು ಒಪ್ಪಿಗೆ ಇಲ್ಲ. ಯಾಕೆ ಅಂತ ಬರೀತೀನಿ.

ಗೊತ್ತಿಲ್ಲದೋರಿಗೆ ಮೊದಲು ವಿಷಯ. ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್ ನಗರದಲ್ಲಿ ಆಸ್ಟನ್ ಅಂತ ಒಂದು ಬಡಾವಣೆ. ಎರಡನೇ ಮಹಾಯುದ್ಧದಲ್ಲಿ ಬಾಂಬು ಬಿದ್ದು ಹಾಳಾಗಿ, ಯುದ್ಧ ಮುಗಿದು ವರ್ಷಗಳಾದರೂ ಬಿದ್ದ ಮನೆಗಳ ಕಲ್ಲುಮಣ್ಣಿನಲ್ಲೇ ಮಕ್ಕಳು ಆಟ ಆಡ್ತಿದ್ದ ಜಾಗ. ಸುತ್ತ ಕಾರ್ಖಾನೆ. ಅಲ್ಲಿಯ ನಾಲ್ಕು ಹುಡುಗರು: ಓಜಿ ಹಾಡುಗಾರ, ಟೋನಿ ಅಯೋಮಿ ಗಿಟಾರು, ಗೀಜರ್ ಬಟ್ಲರ್ ಬೇಸ್ (ನಮ್ಮ ಬಚ್ಚಲುಮನೆ ಗೀಜರ್ ಅಲ್ಲ, ಅಡ್ಡಹೆಸರು), ಬಿಲ್ ವಾರ್ಡ್ ಡ್ರಮ್ಸ್. 1969ರ ಅಕ್ಟೋಬರ್ 16ರಂದು ಲಂಡನ್ನಿನ ರೀಜೆಂಟ್ ಸೌಂಡ್ ಸ್ಟುಡಿಯೋಗೆ ಹೋಗಿ, ಕ್ಲಬ್ಬುಗಳಲ್ಲಿ ದಿನಾ ನುಡಿಸ್ತಿದ್ದ ಹಾಡುಗಳನ್ನ ಹಾಗೇ ನುಡಿಸಿ ಬಂದರು. ಒಂದೇ ದಿನ. ಪೂರ್ತಿ ಆಲ್ಬಂ ಮುಗೀತು. ನಿರ್ಮಾಪಕ ರಾಜರ್ ಬೇನ್. ಖರ್ಚು ಸುಮಾರು ಆರುನೂರು ಪೌಂಡ್ ಅಂತಾರೆ. ಆಮೇಲೆ ಶುರುವಿಗೆ ಮಳೆ, ಗುಡುಗು, ಚರ್ಚಿನ ಗಂಟೆ ಸೇರಿಸಿದರು. 1970ರ ಫೆಬ್ರುವರಿ 13, ಶುಕ್ರವಾರ, ವರ್ಟಿಗೋ ಕಂಪನಿ ಬಿಡುಗಡೆ ಮಾಡಿತು. ಹದಿಮೂರನೇ ತಾರೀಕು ಶುಕ್ರವಾರ ಬಂದರೆ ಅವರಿಗೆ ಅಪಶಕುನ, ನಮ್ಮ ಅಮಾವಾಸ್ಯೆ ಇದ್ದ ಹಾಗೆ. ಕಂಪನಿ ಬೇಕಂತಲೇ ಆ ದಿನ ಆರಿಸಿದ್ದು ಅನ್ನೋದಕ್ಕೆ ದೊಡ್ಡ ತನಿಖೆ ಬೇಕಿಲ್ಲ.

ಬ್ರಿಟನ್ನಿನಲ್ಲಿ ಎಂಟನೇ ಸ್ಥಾನಕ್ಕೆ ಹೋಯಿತು. ಅಮೆರಿಕದಲ್ಲಿ 23ನೇ ಸ್ಥಾನ. ಜನ ಕೊಂಡುಕೊಂಡರು. ವಿಮರ್ಶಕರು ಉಗಿದರು.

ಉಗಿದಿದ್ದು ಅಂದ್ರೆ ಸುಮ್ಮನೆ ಅಲ್ಲ. 1970ರ ಸೆಪ್ಟೆಂಬರಿನಲ್ಲಿ ರೋಲಿಂಗ್ ಸ್ಟೋನ್ ಪತ್ರಿಕೆಯಲ್ಲಿ ಲೆಸ್ಟರ್ ಬ್ಯಾಂಗ್ಸ್ ಅನ್ನೋ ವಿಮರ್ಶಕ ಬರೆದ. ಇವರು ಕ್ರೀಮ್ ಬ್ಯಾಂಡಿನ ಕೆಟ್ಟ ನಕಲು, ಗಿಟಾರು ಒಂದು ಕಡೆ ಬೇಸ್ ಒಂದು ಕಡೆ ಓಡ್ತವೆ, ಮಂತ್ರವಾದದ ಹೆಸರಿಟ್ಟುಕೊಂಡಿದ್ದಾರೆ, ಒಳಗೆ ಅದೂ ಇಲ್ಲ, ಅಂತ ಅದರ ಸಾರಾಂಶ. ವಿಲೇಜ್ ವಾಯ್ಸ್ ಪತ್ರಿಕೆಯ ರಾಬರ್ಟ್ ಕ್ರಿಸ್ಟ್‌ಗೌ ಇನ್ನೂ ಕಟುವಾಗಿ, ಆ ಕಾಲದ ಯುವಜನರ ಸಂಸ್ಕೃತಿಯಲ್ಲಿ ಏನೇನು ಕೆಟ್ಟದ್ದಿತ್ತೋ ಅದೆಲ್ಲ ಈ ಒಂದು ತಟ್ಟೆಯಲ್ಲಿದೆ ಅನ್ನೋ ಧಾಟಿಯಲ್ಲಿ ತಳ್ಳಿಹಾಕಿದ.

ಒಂದು ಸಣ್ಣ ವಿಷಯ ನನಗೆ ತಮಾಷೆಯಾಗಿ ಕಾಣುತ್ತೆ. ಬ್ಯಾಂಗ್ಸ್ ಹುಟ್ಟಿದ್ದು 1948ರ ಡಿಸೆಂಬರ್ 14. ಓಜಿ ಹುಟ್ಟಿದ್ದು ಅದೇ ಡಿಸೆಂಬರ್ 3. ಹನ್ನೊಂದು ದಿನದ ಅಂತರ. ಇಬ್ಬರಿಗೂ ಆಗ ಇಪ್ಪತ್ತೊಂದು ವರ್ಷ. ಒಬ್ಬನಿಗೆ ಅಮೆರಿಕದ ಪತ್ರಿಕೆಯಲ್ಲಿ ತೀರ್ಪು ಕೊಡೋ ಕೆಲಸ. ಇನ್ನೊಬ್ಬ ಅಷ್ಟರಲ್ಲಿ ಹದಿನೈದಕ್ಕೆ ಶಾಲೆ ಬಿಟ್ಟು, ಕಸಾಯಿಖಾನೆಯಲ್ಲಿ ಕೆಲಸ ಮಾಡಿ, ಕಾರಿನ ಹಾರ್ನ್ ಶ್ರುತಿ ಮಾಡೋ ಕಾರ್ಖಾನೆಯಲ್ಲಿ ಕೂತು, ಕಳ್ಳತನದ ಕೇಸಿನಲ್ಲಿ ದಂಡ ಕಟ್ಟೋಕೆ ದುಡ್ಡಿಲ್ಲದೆ ವಿನ್ಸನ್ ಗ್ರೀನ್ ಜೈಲಿನಲ್ಲೂ ಕೆಲವು ವಾರ ಇದ್ದು ಬಂದಿದ್ದ.

ಬ್ಯಾಂಗ್ಸ್ ಬರೆದಿದ್ದೆಲ್ಲ ಸುಳ್ಳು ಅಂತ ನಾನು ಹೇಳಲ್ಲ. ಆಲ್ಬಮ್ಮಿನ ಎರಡನೇ ಬದಿಯಲ್ಲಿ ಬರೋ 'ವಾರ್ನಿಂಗ್' ಹತ್ತು ನಿಮಿಷದ ಮೇಲೆ ಹೋಗುತ್ತೆ, ನಡುವೆ ಗಿಟಾರು ದಾರಿ ತಪ್ಪಿದ ಎಮ್ಮೆ ತರ ಅಲೀತದೆ. ಅಲ್ಲಿ ಕ್ರೀಮ್ ಬ್ಯಾಂಡಿನ ನೆರಳು ಇದೆ, ನಿಜ. 'ಈವಿಲ್ ವುಮನ್' ಅಂತೂ ಕ್ರೋ ಅನ್ನೋ ಅಮೆರಿಕದ ಬ್ಯಾಂಡಿನ ಹಾಡು, ಸಿಂಗಲ್ ಬಿಡಬೇಕು ಅಂತ ಮೇಲಿನವರು ಇವರ ಕೈಲಿ ಹಾಡಿಸಿದ್ದು. ಅದು ಚಾರ್ಟಿಗೂ ಹತ್ತಲಿಲ್ಲ. ನನಗೂ ಅದು ಸಪ್ಪೆ. ಆದರೆ ಆಲ್ಬಮ್ಮಿನ ಮೊದಲ ಹಾಡು, ಬ್ಯಾಂಡಿನದೇ ಹೆಸರಿನ ಹಾಡು, ಅದನ್ನ ಕೇಳಿದ ಮೇಲೂ ಇದು ಕ್ರೀಮ್ ನಕಲು ಅಂತ ಬರೆದ ಅಂದ್ರೆ ಅವನ ಕಿವಿ ಬೇರೆ ಏನನ್ನೋ ಹುಡುಕ್ತಾ ಇತ್ತು ಅಂತಲೇ ಅರ್ಥ. ಕ್ರೀಮ್ ಯಾವತ್ತೂ ಅಷ್ಟು ನಿಧಾನ ನಡೆದಿರಲಿಲ್ಲ. ಮೂರೇ ಮೂರು ಸ್ವರ. ಒಂದು ಕೆಳಗೆ, ಅದೇ ಸ್ವರ ಮೇಲೆ, ಆಮೇಲೆ ಒಂದು ಕರ್ಕಶ ಸ್ವರ ನಡುಗ್ತಾ ನಿಲ್ಲುತ್ತೆ. ನಡುವೆ ಖಾಲಿ ಜಾಗ. ಆ ಖಾಲಿ ಜಾಗದಲ್ಲೇ ಭಯ ಇರೋದು.

ಈ ಮೂರನೇ ಸ್ವರದ ಕತೆ ಹೇಳಲೇಬೇಕು. ಮೊದಲನೇ ಸ್ವರಕ್ಕೂ ಇದಕ್ಕೂ ಇರೋ ಅಂತರಕ್ಕೆ ಪಾಶ್ಚಾತ್ಯ ಸಂಗೀತದಲ್ಲಿ ಟ್ರೈಟೋನ್ ಅಂತಾರೆ. ಹಳೇ ಪಂಡಿತರು ಅದಕ್ಕೆ 'ಸಂಗೀತದಲ್ಲಿರೋ ಸೈತಾನ' ಅಂತ ಹೆಸರಿಟ್ಟಿದ್ದರು. ಅದೇ ಅಂತರವನ್ನ ನಮ್ಮ ಕರ್ನಾಟಕ ಸಂಗೀತದ ಮೇಷ್ಟ್ರನ್ನ ಕೇಳಿ: ಷಡ್ಜಕ್ಕೂ ಪ್ರತಿಮಧ್ಯಮಕ್ಕೂ ಇರೋ ದೂರ, ಅಷ್ಟೇ. 72 ಮೇಳಕರ್ತ ರಾಗಗಳಲ್ಲಿ ಅರ್ಧದಷ್ಟು, ಅಂದ್ರೆ 36 ರಾಗಗಳಲ್ಲಿ ಅದು ಇದೆ. ಕಲ್ಯಾಣಿ ರಾಗದಲ್ಲಿದೆ. ಮದುವೆ ಮನೆ ನಾಗಸ್ವರದಲ್ಲಿ ಕಲ್ಯಾಣಿ ನುಡಿಸ್ತಾರೆ, ಮಂಗಳಕರ ಅಂತ. ಲಂಡನ್ನಿನಲ್ಲಿ ಸೈತಾನ, ಕಲ್ಯಾಣಮಂಟಪದಲ್ಲಿ ಕಲ್ಯಾಣಿ! ಸ್ವರ ಪಾಪ ಏನೂ ಮಾಡಿಲ್ಲ. ಯಾವುದು ಮಂಗಳ, ಯಾವುದು ಅಮಂಗಳ ಅಂತ ಹಣೆಪಟ್ಟಿ ಹಚ್ಚೋದು ಯಾರ ಕೈಲಿರುತ್ತೆ ಅನ್ನೋದು ನಮ್ಮ ಕೇರಿಯವರಿಗೆ ಬಿಡಿಸಿ ಹೇಳಬೇಕಾ?

ಈಗ ಸೈತಾನನ ಪೂಜೆ ಅನ್ನೋ ಅಣ್ಣನಿಗೆ. ಅಣ್ಣ, ಆ ಮೊದಲ ಹಾಡಿನಲ್ಲಿ ಹಾಡುಗಾರ ಯಾರನ್ನೂ ಪೂಜೆ ಮಾಡಲ್ಲ. ಎದುರಿಗೆ ಕಪ್ಪು ಆಕೃತಿ ನಿಂತಿದೆ, ಹೆದರಿ ಓಡ್ತಾನೆ, ಕಾಪಾಡು ಅಂತ ದೇವರನ್ನೇ ಕರೀತಾನೆ. ಹಾಡಿನ ಹಿಂದೆ ಇರೋದು ಗೀಜರ್ ಬಟ್ಲರ್‌ಗೆ ರಾತ್ರಿ ಹಾಸಿಗೆ ಪಕ್ಕ ಏನೋ ನಿಂತ ಹಾಗೆ ಆದ ಅನುಭವ. ಅವನು ಐರಿಶ್ ಕ್ಯಾಥೋಲಿಕ್ ಮನೆಯ ಏಳನೇ ಮಗ, ನರಕ ಸ್ವರ್ಗ ಎಲ್ಲ ಕೇಳಿಕೊಂಡೇ ಬೆಳೆದೋನು. ಒಳಗಿನ ಪುಟದಲ್ಲಿ ತಲೆಕೆಳಗಾದ ಶಿಲುಬೆ ಅಚ್ಚು ಹಾಕಿಸಿದ್ದು ಕಂಪನಿ. ಬ್ಯಾಂಡಿನವರನ್ನ ಕೇಳಿರಲೂ ಇಲ್ಲ. ಮುಖಪುಟದಲ್ಲಿ ಕಪ್ಪು ಬಟ್ಟೆಯ ಹೆಂಗಸು ನಿಂತಿರೋದು ಆಕ್ಸ್‌ಫರ್ಡ್‌ಶೈರಿನ ಮೇಪಲ್‌ಡರಂ ಅನ್ನೋ ಊರಿನ ಹಳೇ ನೀರುಗಿರಣಿ ಮುಂದೆ. ದೆವ್ವದ ಮನೆ ಅಲ್ಲ, ಹಿಟ್ಟಿನ ಗಿರಣಿ. ಇನ್ನೊಂದು ಹಾಡು 'ಎನ್.ಐ.ಬಿ.' ಅಂದ್ರೆ ಏನೋ ಗುಪ್ತ ಮಂತ್ರ ಅಂತ ಎಷ್ಟೋ ಜನ ಅರ್ಥ ಹಚ್ಚಿದರು. ಬಿಲ್ ವಾರ್ಡನ ಗಡ್ಡ ಪೆನ್ನಿನ ನಿಬ್ ತರ ಚೂಪಾಗಿತ್ತು ಅಂತ ಗೆಳೆಯರು ರೇಗಿಸಿ ಇಟ್ಟ ಹೆಸರು ಅದು! ಇನ್ನೊಂದು ಮಾತು: ಈ ಸೈತಾನನ ಆರೋಪ ಜಾಸ್ತಿ ಆದಾಗ ನಾಲ್ವರೂ ಕೊರಳಿಗೆ ಶಿಲುಬೆ ಹಾಕಿಕೊಳ್ಳೋಕೆ ಶುರು ಮಾಡಿದರು. ಆ ಶಿಲುಬೆ ಮಾಡಿಕೊಟ್ಟಿದ್ದು ಓಜಿಯ ಅಪ್ಪ, ತಾನು ದುಡೀತಿದ್ದ ಕಾರ್ಖಾನೆಯ ಲೋಹದಲ್ಲಿ. ಮಗ ದಾರಿ ತಪ್ಪಿದ ಅಂತ ಊರು ಮಾತಾಡುವಾಗ ಅಪ್ಪ ಮಾಡಬಹುದಾದ್ದು ಅಷ್ಟೇ ಅಲ್ವಾ.

ಇಷ್ಟು ವಾದ ಸುಲಭದ್ದು. ಕಷ್ಟದ್ದು ಮುಂದಿದೆ.

ಕಾಲ ತಿರುಗಿತು. ಅದೇ ಬ್ಯಾಂಗ್ಸ್ 1972ರಲ್ಲಿ ಕ್ರೀಮ್ ಅನ್ನೋ ಪತ್ರಿಕೆಯಲ್ಲಿ (ಬ್ಯಾಂಡೂ ಕ್ರೀಮ್, ಪತ್ರಿಕೆಯೂ ಕ್ರೀಮ್, ಇಂಗ್ಲಿಷಿನಲ್ಲಿ ಕಾಗುಣಿತ ಬೇರೆ) ಇವರ ಬಗ್ಗೆ ಉದ್ದದ ಲೇಖನ ಬರೆದು, ಇವರು ಒಂಥರಾ ನೀತಿ ಹೇಳೋ ಕವಿಗಳು ಅನ್ನೋ ಅರ್ಥದಲ್ಲಿ ಗಂಭೀರವಾಗಿ ತಗೊಂಡ. ರೋಲಿಂಗ್ ಸ್ಟೋನ್ 2003ರಲ್ಲಿ ಸಾರ್ವಕಾಲಿಕ 500 ಶ್ರೇಷ್ಠ ಆಲ್ಬಂ ಪಟ್ಟಿ ಮಾಡಿದಾಗ ಈ ಉಗಿಸಿಕೊಂಡ ಆಲ್ಬಂ ಅದರೊಳಗಿತ್ತು. 2006ರಲ್ಲಿ ಅಮೆರಿಕದ ರಾಕ್ ಅಂಡ್ ರೋಲ್ ಹಾಲ್ ಆಫ್ ಫೇಮ್‌ಗೆ ಸೇರಿಸಿದರು. ಅದಕ್ಕೂ ಮುಂಚೆ ವರ್ಷಗಟ್ಟಲೆ ಹೆಸರು ಬರೋದು, ಹೋಗೋದು ಆಗಿ, 1999ರಲ್ಲಿ ಓಜಿ "ನಮ್ಮ ಹೆಸರನ್ನ ಪಟ್ಟಿಯಿಂದ ತೆಗೆದುಬಿಡಿ" ಅಂತ ಅವರಿಗೆ ಪತ್ರ ಬರೆದಿದ್ದ. 2019ರಲ್ಲಿ ಬರ್ಮಿಂಗ್‌ಹ್ಯಾಮ್ ನಗರದ ಒಂದು ಕಾಲುವೆ ಸೇತುವೆಗೆ ಇವರ ಹೆಸರಿಟ್ಟು ಬೆಂಚು ಹಾಕಿದರು. 2023ರಲ್ಲಿ ಬರ್ಮಿಂಗ್‌ಹ್ಯಾಮ್ ರಾಯಲ್ ಬ್ಯಾಲೆ ಕಂಪನಿ ಇವರ ಸಂಗೀತಕ್ಕೆ ಬ್ಯಾಲೆ ಕುಣಿಸಿತು. ಬ್ಯಾಲೆ ಸ್ವಾಮಿ! ಐವತ್ತಮೂರು ವರ್ಷದಲ್ಲಿ ಕಿರುಚಾಟ ರಾಜಮನೆತನದ ಹೆಸರಿನ ರಂಗಮಂದಿರಕ್ಕೆ ಬಂತು.

ಈಗ ಗುಡಿ ಕಟ್ಟಿದೋರ ಮಾತು ಕೇಳಿ. ಅವರ ವಾದ ಹೀಗಿರುತ್ತೆ: ಇದು ಕಾರ್ಖಾನೆಯ ಶಬ್ದ, ಸುತ್ತಿಗೆ ಏಟು, ಕುಲುಮೆ ಹೊಗೆ. ಕಾರ್ಮಿಕರ ಒಡಲಿನಿಂದ ತಾನಾಗೇ ಹುಟ್ಟಿದ್ದು. ಹಸಿ ಹಸಿ, ಪ್ರಾಮಾಣಿಕ, ಯಾವ ನಯನಾಜೂಕೂ ಇಲ್ಲದ್ದು. ನಮ್ಮ ಕೆಂಪು ಬಾವುಟದ ಗೆಳೆಯನೂ ಇದನ್ನೇ ಹೇಳೋದು.

ಈ ಹೊಗಳಿಕೆ ಕೇಳಿದಾಗ ನನಗೆ ಆ ಹಳೇ ಬೈಗುಳಕ್ಕಿಂತ ಜಾಸ್ತಿ ಕಸಿವಿಸಿ ಆಗುತ್ತೆ. ಯಾಕೆಂದರೆ ಇದನ್ನ ನಾವು ನಮ್ಮ ಬಗ್ಗೆ ಕೇಳಿ ಕೇಳಿ ಸಾಕಾಗಿದೆ. ದಲಿತ ಕವಿ ಬರೆದರೆ "ಅನುಭವದ ಕಾವು ಇದೆ", "ಆಕ್ರೋಶ ಇದೆ", "ಹಸಿತನ ಇದೆ". ಛಂದಸ್ಸು ಬಲ್ಲ, ಪದ ತೂಗಿ ಇಟ್ಟಿದ್ದಾನೆ, ಎಲ್ಲಿ ನಿಲ್ಲಿಸಬೇಕು ಅಂತ ಗೊತ್ತು ಅಂತ ಎಷ್ಟು ಮುನ್ನುಡಿಯಲ್ಲಿ ಓದಿದ್ದೀರಿ? ಮೊದಲು ಇದು ಸಾಹಿತ್ಯವೇ ಅಲ್ಲ ಅಂತಾರೆ. ಆಮೇಲೆ ಮೆಚ್ಚಿಕೊಂಡಾಗ ನೋವು ತಾನೇ ಬರೆಸಿತು ಅಂತಾರೆ. ಬರೆದೋನ ಬುದ್ಧಿ, ಅಭ್ಯಾಸ, ಕಸುಬುಗಾರಿಕೆ ಎರಡೂ ಸಲ ಲೆಕ್ಕಕ್ಕೆ ಬರಲ್ಲ. ತಮಟೆಯ ವಿಷಯದಲ್ಲೂ ಇದೇ. ಚಿಕ್ಕಬಳ್ಳಾಪುರ ಜಿಲ್ಲೆಯ ಪಿಂಡಿಪಾಪನಹಳ್ಳಿ ಮುನಿವೆಂಕಟಪ್ಪನವರಿಗೆ 2023ರಲ್ಲಿ ಪದ್ಮಶ್ರೀ ಬಂತು. ಖುಷಿಪಟ್ಟೆವು. ಆದರೂ ತಮಟೆ ಏಟಿಗೆ ಲೆಕ್ಕ ಇದೆ, ಕೈ ಬದಲಿಸೋ ಕ್ರಮ ಇದೆ, ಬೆಂಕಿಗೆ ಹಿಡಿದು ಶ್ರುತಿ ಮಾಡೋ ಜಾಣತನ ಇದೆ ಅಂತ ಕೂತು ಮಾತಾಡೋರು ಕಡಿಮೆ. "ರಕ್ತದಲ್ಲೇ ಬಂದಿದೆ" ಅಂದುಬಿಟ್ಟರೆ ಕಲಿಸಿದ ಅಪ್ಪನೂ ಇಲ್ಲ, ಕಲಿತ ಮಗನೂ ಇಲ್ಲ.

ಅದಕ್ಕೇ ಈ ಆಲ್ಬಮ್ಮಿನ ಕಸುಬುಗಾರಿಕೆ ಬಗ್ಗೆ ಮಾತಾಡೋಣ.

ಟೋನಿ ಅಯೋಮಿ ಎಡಗೈ ಗಿಟಾರು ನುಡಿಸೋನು, ಅಂದ್ರೆ ತಂತಿ ಒತ್ತೋದು ಬಲಗೈ. ಹದಿನೇಳನೇ ವಯಸ್ಸಿನಲ್ಲಿ ತಗಡಿನ ಕಾರ್ಖಾನೆಯಲ್ಲಿ ಕೆಲಸ. ಸಂಗೀತವನ್ನೇ ನಂಬಿಕೊಂಡು ಹೊರಡೋಣ ಅಂತ ಕೆಲಸ ಬಿಟ್ಟಿದ್ದ. ಅವತ್ತು ಕೊನೇ ದಿನ. ಮಧ್ಯಾಹ್ನ ಊಟಕ್ಕೆ ಮನೆಗೆ ಬಂದೋನು ವಾಪಸ್ ಹೋಗಲ್ಲ ಅಂದ. ಅವರಮ್ಮ "ಶುರು ಮಾಡಿದ ಕೆಲಸ ಮುಗಿಸಿ ಬಾ" ಅಂತ ಕಳಿಸಿದರು. ಪ್ರೆಸ್ ಯಂತ್ರದೋನು ಅವತ್ತು ಬಂದಿರಲಿಲ್ಲ, ಅಭ್ಯಾಸ ಇಲ್ಲದ ಇವನನ್ನ ಅದರ ಮುಂದೆ ನಿಲ್ಲಿಸಿದರು. ಬಲಗೈಯ ಎರಡು ಬೆರಳಿನ ತುದಿ ಹೋಯಿತು. ನಡುಬೆರಳು, ಉಂಗುರದ ಬೆರಳು. ಇನ್ನು ಗಿಟಾರು ಮರೆತುಬಿಡು ಅಂದರು ವೈದ್ಯರು.

ಕಾರ್ಖಾನೆಯ ಮೇಲ್ವಿಚಾರಕನೊಬ್ಬ ಮನೆಗೆ ಬಂದು ಒಂದು ರೆಕಾರ್ಡು ಕೇಳಿಸಿದ. ಜಾಂಗೋ ರೈನ್‌ಹಾರ್ಟ್ ಅನ್ನೋ ಗಿಟಾರು ವಾದಕನದ್ದು. 1928ರಲ್ಲಿ ವಾಸದ ಗಾಡಿಗೆ ಬೆಂಕಿ ಬಿದ್ದು ಜಾಂಗೋನ ಎಡಗೈಯ ಎರಡು ಬೆರಳು ಸುಟ್ಟು ಸೆಟೆದುಹೋಗಿದ್ದವು. ಉಳಿದ ಬೆರಳಲ್ಲೇ ನುಡಿಸೋ ಕ್ರಮ ಕಂಡುಹಿಡಿದುಕೊಂಡ, ಯುರೋಪಿನ ಜಾಝ್ ಗಿಟಾರಿಗೆ ಗುರು ಅನ್ನಿಸಿಕೊಂಡ. ಅವನು ರೋಮಾ ಸಮುದಾಯದವನು. ರೋಮಾ ಅಂದ್ರೆ ನೂರಾರು ವರ್ಷದ ಹಿಂದೆ ನಮ್ಮ ಈ ಉಪಖಂಡದಿಂದಲೇ ಹೊರಟುಹೋದ ಜನ ಅಂತ ಭಾಷೆ ಬಲ್ಲವರು ಹೇಳ್ತಾರೆ. ಯುರೋಪಿನಲ್ಲಿ ಇವತ್ತಿಗೂ ಊರ ಹೊರಗೆ ಇರೋರು. ಹೆವಿ ಮೆಟಲ್ ಚರಿತ್ರೆಯಲ್ಲಿ ಈ ಅಲೆಮಾರಿ ಹೆಸರು ಬರೋದು ಒಂದು ಸಾಲಿನಲ್ಲಿ. ನನ್ನ ಪ್ರಕಾರ ಒಂದು ಅಧ್ಯಾಯ ಬರಬೇಕು.

ಅಯೋಮಿ ಆಮೇಲೆ ಏನು ಮಾಡಿದ? ಪಾತ್ರೆ ತೊಳೆಯೋ ಫೇರಿ ಸೋಪಿನ ಪ್ಲಾಸ್ಟಿಕ್ ಬಾಟ್ಲಿ ಕರಗಿಸಿ ಬೆರಳಿಗೆ ಟೋಪಿ ತರ ಮಾಡಿಕೊಂಡ. ಪ್ಲಾಸ್ಟಿಕ್ ತಂತಿ ಮೇಲೆ ಜಾರ್ತಿತ್ತು. ಹಳೇ ಜಾಕೆಟ್ಟಿನ ಚರ್ಮ ಕತ್ತರಿಸಿ ಅದರ ಮೇಲೆ ಅಂಟಿಸಿದ. ಹಿಡಿತ ಸಿಕ್ಕಿತು. ತಂತಿ ಬಿಗಿ ಅನ್ನಿಸಿದಾಗ ಬ್ಯಾಂಜೋದ ತೆಳು ತಂತಿ ತಂದು ಹಾಕಿಕೊಂಡ. ಚರ್ಮದ ಮಹತ್ವ ಚರ್ಮ ಮುಟ್ಟಿದೋರಿಗೆ ಗೊತ್ತು. ನಮ್ಮಲ್ಲಿ ಮೃದಂಗಕ್ಕೆ ಚರ್ಮ ಹದ ಮಾಡಿ ಬಿಗಿಯೋರು ದಲಿತರು, ವೇದಿಕೆ ಮೇಲೆ ಕೂರೋರು ಬೇರೆ. ಅದರ ಬಗ್ಗೆ ಟಿ.ಎಂ. ಕೃಷ್ಣ 'ಸೆಬಾಸ್ಟಿಯನ್ ಅಂಡ್ ಸನ್ಸ್' ಅಂತ ಪುಸ್ತಕ ಬರೆದರೆ, 2020ರಲ್ಲಿ ಬಿಡುಗಡೆಗೆ ಕೊಟ್ಟಿದ್ದ ಸಭಾಂಗಣದ ಅನುಮತಿಯನ್ನ ಚೆನ್ನೈನ ಕಲಾಕ್ಷೇತ್ರ ಹಿಂತೆಗೆದುಕೊಂಡಿತು. ಅಯೋಮಿಗೆ ಒಂದು ಅದೃಷ್ಟ ಇತ್ತು. ಚರ್ಮ ಹೊಲಿದ ಕೈಯೂ ಅವನದೇ, ವೇದಿಕೆ ಮೇಲಿನ ಕೈಯೂ ಅವನದೇ.

ಇಲ್ಲಿ ಒಂದು ತಿದ್ದುಪಡಿ. ಬೆರಳಿಗೆ ಪೆಟ್ಟಾದ್ದರಿಂದ ತಂತಿ ಸಡಿಲ ಮಾಡಿ ಶ್ರುತಿ ಇಳಿಸಿದ, ಅದರಿಂದಲೇ ಈ ಮೊದಲ ಆಲ್ಬಮ್ಮಿನ ಭಾರದ ಶಬ್ದ ಬಂತು ಅಂತ ಎಲ್ಲರೂ ಬರೀತಾರೆ. ಶ್ರುತಿ ಇಳಿಸಿದ್ದು 1971ರ ಮೂರನೇ ಆಲ್ಬಂ 'ಮಾಸ್ಟರ್ ಆಫ್ ರಿಯಾಲಿಟಿ' ಹೊತ್ತಿಗೆ. ಮೊದಲ ಆಲ್ಬಂ ಮಾಮೂಲಿ ಶ್ರುತಿಯಲ್ಲೇ ಇದೆ. ಅಂದ್ರೆ ಆ ಭಾರ ಅಂಗವೈಕಲ್ಯದಿಂದ ತಾನಾಗೇ ಬಿದ್ದದ್ದಲ್ಲ. ಯಾವ ಸ್ವರ, ಎಷ್ಟು ಹೊತ್ತು, ಎಷ್ಟು ನಿಧಾನ ಅಂತ ಕೂತು ಆರಿಸಿಕೊಂಡದ್ದು. ಬೇಸ್ ಬೇರೆ ದಾರಿ ಹಿಡಿಯದೆ ಗಿಟಾರಿನ ಜೊತೆಗೇ ನಡೆದು ಅದನ್ನ ದಪ್ಪ ಮಾಡುತ್ತೆ. ಬಿಲ್ ವಾರ್ಡ್ ಜಾಝ್ ಡ್ರಮ್ಮರ್ ಜೀನ್ ಕ್ರೂಪನನ್ನ ಕೇಳಿ ಬೆಳೆದೋನು. 'ಬಿಹೈಂಡ್ ದ ವಾಲ್ ಆಫ್ ಸ್ಲೀಪ್' ಹಾಡಿನಲ್ಲಿ ಡ್ರಮ್ಸ್ ಒಂದೇ ಸಮ ಗುದ್ದಲ್ಲ, ತೂಗುತ್ತೆ. ಸುತ್ತಿಗೆ ಏಟು ಅನ್ನೋರು ಆ ಹಾಡನ್ನ ಸರಿಯಾಗಿ ಕೇಳಿಲ್ಲ. ಒಂದೇ ದಿನದಲ್ಲಿ ಮುಗಿಸಿದರು ಅನ್ನೋದನ್ನೂ "ನೋಡಿ ಎಷ್ಟು ಸಹಜ" ಅಂತ ಹೊಗಳ್ತಾರೆ. ಸಹಜ ಅಲ್ಲ ಸ್ವಾಮಿ, ದುಡ್ಡಿರಲಿಲ್ಲ. ಊರೂರು ಅಲೆದು ರಾತ್ರಿಯೆಲ್ಲ ನುಡಿಸಿ ಹದ ಮಾಡಿಟ್ಟುಕೊಂಡಿದ್ದರು, ಅದಕ್ಕೇ ಒಂದೇ ದಿನ ಸಾಕಾಯಿತು.

ಮತ್ತೆ ಗೀಜರ್ ಬಟ್ಲರ್. ಹಾಡಿನ ಸಾಹಿತ್ಯ ಹೆಚ್ಚಾಗಿ ಅವನದೇ. ಬ್ಯಾಂಡಿಗೆ ಮುಂಚೆ ಅವನು ಒಂದು ಕಚೇರಿಯಲ್ಲಿ ಲೆಕ್ಕ ಬರೆಯೋದು ಕಲೀತಿದ್ದ. ನಮ್ಮ ಗುಮಾಸ್ತ ಕುಲದೋನು! ಕಾರ್ಖಾನೆ ಹುಡುಗರ ಕತೆಯಲ್ಲಿ ಇವನನ್ನ ಎಲ್ಲರೂ ಮರೀತಾರೆ, ಕಡತದ ಧೂಳಿಗೆ ಸುತ್ತಿಗೆಯಷ್ಟು ಕಳೆ ಇಲ್ಲ ನೋಡಿ.

ಇಷ್ಟು ಹೇಳಿದ ಮೇಲೆ, "ಅವರೂ ನಮ್ಮ ಹಾಗೇ ತುಳಿತಕ್ಕೊಳಗಾದೋರು" ಅಂತ ಎರಡು ಕೈ ಜೋಡಿಸಿಬಿಡೋಕೂ ನಾನು ತಯಾರಿಲ್ಲ. ಓಜಿ ಕಸಾಯಿಖಾನೆಯಲ್ಲಿ ದನದ ಹೊಟ್ಟೆ ಬಗೆದು ಖಾಲಿ ಮಾಡೋ ಕೆಲಸ ಮಾಡಿದ. ಆ ವಾಸನೆ ಬಗ್ಗೆ ಜೀವನಪೂರ್ತಿ ನಗ್ತಾ ನಗಿಸ್ತಾ ಹೇಳಿಕೊಂಡ. ಹಾಗೆ ಹೇಳಿಕೊಳ್ಳೋಕೆ ಅವನಿಗೆ ಆಯಿತು. ಕೆಲಸ ಬಿಟ್ಟ, ಸ್ನಾನ ಮಾಡಿದ, ವಾಸನೆ ಹೋಯಿತು. ಅವನ ಮಗಳನ್ನ ಯಾರೂ ಕಸಾಯಿಖಾನೆಯವನ ಮಗಳು ಅಂತ ಮನೆ ಬಾಡಿಗೆಗೆ ಕೊಡದೆ ಇರಲಿಲ್ಲ. ನಮ್ಮಲ್ಲಿ ಸತ್ತ ದನ ಎತ್ತೋದು ಬಿಟ್ಟು ಮೂರು ತಲೆಮಾರು ಆದರೂ, ಮೊಮ್ಮಗ ಕಚೇರಿಯಲ್ಲಿ ಇಸ್ತ್ರಿ ಅಂಗಿ ಹಾಕಿ ಕೂತರೂ, ಊಟದ ಡಬ್ಬಿ ತೆಗೆದಾಗ ಪಕ್ಕದೋರ ಮೂಗು ಆ ಹಳೇ ವಾಸನೆ ಹುಡುಕುತ್ತೆ. ಬಾಬಾಸಾಹೇಬರು 1936ರಲ್ಲೇ 'ಜಾತಿ ವಿನಾಶ'ದಲ್ಲಿ ತಿಳಿಸಿಕೊಟ್ಟಿದ್ದಾರೆ, ಜಾತಿ ಬರೀ ಕೆಲಸದ ಹಂಚಿಕೆಯಾಗಿ ನಿಲ್ಲಲ್ಲ, ಕೆಲಸ ಮಾಡೋರನ್ನೇ ಮೇಲೆ ಕೆಳಗೆ ಅಂತ ಒಡೆಯುತ್ತೆ ಅಂತ. ಕೆಂಪು ಬಾವುಟದ ಗೆಳೆಯ ಈ ಜಾಗಕ್ಕೆ ಬಂದಾಗ ಯಾವಾಗಲೂ ಮಾತು ಬದಲಾಯಿಸ್ತಾನೆ.

ಇದಕ್ಕೆ ಪುರಾವೆ ಆಸ್ಟನ್ನಿನ ಪಕ್ಕದಲ್ಲೇ ಇದೆ. ಆಸ್ಟನ್ನಿಗೆ ಅಂಟಿಕೊಂಡ ಹಾಗೆ ಹ್ಯಾಂಡ್ಸ್‌ವರ್ತ್ ಅಂತ ಬಡಾವಣೆ. ಇದೇ ಐವತ್ತು ಅರವತ್ತರ ದಶಕದಲ್ಲಿ ಪಂಜಾಬಿನಿಂದ ಬಂದ ಜನ ಆ ಸುತ್ತಿನ ಲೋಹದ ಕಾರ್ಖಾನೆಗಳಲ್ಲಿ ಕುಲುಮೆ ಮುಂದೆ ನಿಂತರು. ಅವರಲ್ಲಿ ರವಿದಾಸಿಯಾಗಳು, ಅಂದ್ರೆ ನಮ್ಮ ಚಮ್ಮಾರ ಬಂಧುಗಳು, ಸಾವಿರಾರು. ಬಿಳಿಯರಿಗೆ ಇವರೆಲ್ಲ ಒಂದೇ, ಕಂದುಬಣ್ಣದೋರು. 1964ರ ಚುನಾವಣೆಯಲ್ಲಿ ಪಕ್ಕದ ಸ್ಮೆತಿಕ್‌ನಲ್ಲಿ ಬಣ್ಣದ ದ್ವೇಷವನ್ನೇ ಪ್ರಚಾರ ಮಾಡಿ ಗೆದ್ದರು. ಪರಿಸ್ಥಿತಿ ನೋಡೋಕೆ 1965ರಲ್ಲಿ ಮಾಲ್ಕಂ ಎಕ್ಸ್ ಅಲ್ಲಿಗೆ ಬಂದು ಹೋದ. 1968ರ ಏಪ್ರಿಲಿನಲ್ಲಿ ಇನಾಕ್ ಪೊವೆಲ್ ವಲಸಿಗರ ವಿರುದ್ಧ ಕುಖ್ಯಾತ ಭಾಷಣ ಮಾಡಿದ್ದೂ ಬರ್ಮಿಂಗ್‌ಹ್ಯಾಮಿನಲ್ಲೇ, ಇವರ ಬ್ಯಾಂಡು ಶುರುವಾದ ವರ್ಷ. ಅಷ್ಟಿದ್ದರೂ ಕಂದುಬಣ್ಣದೋರ ಒಳಗೆ ಜಾತಿ ಹೋಗಲಿಲ್ಲ. ರವಿದಾಸಿಯಾಗಳು ತಮ್ಮದೇ ಗುರು ರವಿದಾಸ ಭವನ ಕಟ್ಟಿಕೊಂಡರು, ಹ್ಯಾಂಡ್ಸ್‌ವರ್ತಿನಲ್ಲಿ ಇವತ್ತೂ ಇದೆ. ಬ್ರಿಟನ್ನಿನ ಸಂಸತ್ತು 2013ರಲ್ಲಿ ಸಮಾನತಾ ಕಾಯ್ದೆಯೊಳಗೆ ಜಾತಿಯನ್ನ ಸೇರಿಸಬೇಕು ಅಂತ ತೀರ್ಮಾನಿಸಿದರೂ, 2018ರಲ್ಲಿ ಸರ್ಕಾರ ಅದು ಬೇಡ ಅಂತ ಕೈಬಿಟ್ಟಿತು. ಅಂದ್ರೆ ಅದೇ ಊರು, ಅದೇ ಕುಲುಮೆ, ಆದರೆ ಎಲ್ಲರ ಪಾಡೂ ಒಂದೇ ಆಗಿರಲಿಲ್ಲ.

ಇನ್ನೊಂದು ತಕರಾರು ಮೆಟಲ್ ಅಭಿಮಾನಿಗಳದ್ದು. ಅವರಲ್ಲಿ ಕೆಲವರಿಗೆ ಈ ಮೊದಲ ಆಲ್ಬಂ ಅರ್ಧಬೆಂದದ್ದು. "ಇನ್ನೂ ಬ್ಲೂಸ್ ಅಂಟಿಕೊಂಡಿದೆ, ನಿಜವಾದ ಮೆಟಲ್ ಶುರುವಾಗೋದು ಅದೇ ವರ್ಷ ಸೆಪ್ಟೆಂಬರಿನಲ್ಲಿ ಬಂದ 'ಪ್ಯಾರನಾಯ್ಡ್'ನಿಂದ" ಅಂತಾರೆ. 'ಪ್ಯಾರನಾಯ್ಡ್' ದೊಡ್ಡ ಆಲ್ಬಂ, ಅದರಲ್ಲಿರೋ ಯುದ್ಧವಿರೋಧಿ 'ವಾರ್ ಪಿಗ್ಸ್'ಗೆ ನಾನೂ ತಲೆಬಾಗ್ತೀನಿ. ಆದರೆ ಬ್ಲೂಸ್ ಅಂಟಿಕೊಂಡಿದೆ ಅನ್ನೋ ಮಾತು ಕೊಳೆ ಅಂಟಿಕೊಂಡಿದೆ ಅನ್ನೋ ತರ ಕೇಳಿಸುತ್ತೆ. ಬ್ಲೂಸ್ ಯಾರದ್ದು? ಅಮೆರಿಕದ ಹತ್ತಿ ಹೊಲಗಳಲ್ಲಿ ಗುಲಾಮರಾಗಿದ್ದ ಕರಿಯರ ಮಕ್ಕಳದ್ದು. 'ದ ವಿಝರ್ಡ್' ಹಾಡಿನಲ್ಲಿ ಓಜಿ ಊದೋ ಮೌತಾರ್ಗನ್ ಅಲ್ಲಿಂದಲೇ ಬಂದದ್ದು. ಮೆಟಲ್ ಬೆಳೀತಾ ಬೆಳೀತಾ ಆ ಗುರುತು ಒರೆಸಿಕೊಂಡು, ಕೊನೆಗೆ ಇದು ಬಿಳಿ ಹುಡುಗರ ಸಂಗೀತ ಅನ್ನೋ ಹಾಗಾಯಿತು. ಈ ಆಲ್ಬಮ್ಮಿನಲ್ಲಿ ಗುರುತು ಇನ್ನೂ ಹಾಗೇ ಇದೆ. ನನಗೆ ಇದು 'ಪ್ಯಾರನಾಯ್ಡ್'ಗಿಂತ ಹತ್ತಿರ ಅನ್ನಿಸೋದು ಅದಕ್ಕೇ.

ನಮ್ಮ ಬೆಂಗಳೂರಿಗೆ ಬಂದರೆ ಇನ್ನೂ ವಿಚಿತ್ರ. 2007ರಲ್ಲಿ ಅರಮನೆ ಮೈದಾನಕ್ಕೆ ಐರನ್ ಮೇಡನ್ ಬಂತು, 2011ರಲ್ಲಿ ಮೆಟಾಲಿಕಾ ಬಂತು. ಸಾವಿರಾರು ಹುಡುಗರು ಕಪ್ಪು ಟೀ ಶರ್ಟು ಹಾಕಿ ತಲೆ ಆಡಿಸಿದರು. ಅಲ್ಲಿ ಇಂಗ್ಲೆಂಡಿನಲ್ಲಿ ಬರ್ಮಿಂಗ್‌ಹ್ಯಾಮಿನ ಇಂಗ್ಲಿಷ್ ಉಚ್ಚಾರ ಕೇಳಿದರೇ ನಗ್ತಾರೆ, ಹಳ್ಳಿಗಮಾರ ಅನ್ನೋ ಹಾಗೆ. ಆ ಉಚ್ಚಾರದ ಸಂಗೀತ ಇಲ್ಲಿಗೆ ಬರೋ ಹೊತ್ತಿಗೆ ಕಾನ್ವೆಂಟ್ ಇಂಗ್ಲಿಷಿನ ಗುರುತಿನ ಚೀಟಿ ಆಗಿತ್ತು. ಕ್ಯಾಸೆಟ್ಟಿಗೆ, ಟಿಕೆಟ್ಟಿಗೆ ದುಡ್ಡಿದ್ದೋರ ಕೈಗೆ ಮೊದಲು ಸಿಕ್ಕಿತು, ಅವರೇ ಯಜಮಾನರಾದರು. ಹಾಡಿನ ಸಾಲು ಅರ್ಥ ಆಗದ ಕನ್ನಡ ಮೀಡಿಯಂ ಹುಡುಗ ಕೇಳಿದರೆ "ನಿಂಗೇನ್ ಗೊತ್ತಾಗುತ್ತೆ" ಅನ್ನೋ ನಗು. ಈಗ ಮೊಬೈಲಿನಲ್ಲಿ ಎಲ್ಲ ಸಿಗುತ್ತೆ, ಆ ನಗುವಿಗೆ ಬೆಲೆ ಇಲ್ಲ.

ನಮ್ಮ ಸಂಘಟನೆಯ ಹಿರಿಯರಿಗೆ ನನ್ನ ಉತ್ತರ ಇಷ್ಟು: ಬಿಳಿಯರ ಸಂಗೀತ ಕೇಳಿ ಅಂತ ನಾನು ಯಾರಿಗೂ ಪ್ರಚಾರ ಮಾಡ್ತಿಲ್ಲ. ಆದರೆ ಯಾರ ಕಲೆಯನ್ನ ಯಾರು, ಯಾವಾಗ, ಯಾವ ಮಾತಿನಲ್ಲಿ ತಳ್ಳಿದರು, ಯಾವ ಮಾತಿನಲ್ಲಿ ಒಳಗೆ ಕರೆದುಕೊಂಡರು ಅನ್ನೋದು ನಮ್ಮ ವಿಷಯನೇ. ನಾಳೆ ತಮಟೆಗೆ ಬ್ಯಾಲೆ ಕುಣಿಸೋರು ಬಂದಾಗ ಬಾಗಿಲಲ್ಲಿ ನಿಂತು ಏನು ಕೇಳಬೇಕು ಅಂತ ನಮಗೆ ಗೊತ್ತಿರಬೇಕಲ್ಲ.

2025ರ ಜುಲೈ 5ರಂದು ಆಸ್ಟನ್ನಿನ ವಿಲ್ಲಾ ಪಾರ್ಕ್ ಮೈದಾನದಲ್ಲಿ ನಾಲ್ವರೂ ಇಪ್ಪತ್ತು ವರ್ಷದ ಮೇಲೆ ಒಟ್ಟಿಗೆ ನುಡಿಸಿದರು. ಪಾರ್ಕಿನ್‌ಸನ್ ಕಾಯಿಲೆಯ ಓಜಿಗೆ ನಿಲ್ಲೋಕೆ ಆಗ್ತಿರಲಿಲ್ಲ, ಸಿಂಹಾಸನದಂಥ ಕುರ್ಚಿಯಲ್ಲಿ ಕೂತು ಹಾಡಿದ. ಬಂದ ದುಡ್ಡು ಮಕ್ಕಳ ಆಸ್ಪತ್ರೆಗೆ, ಪಾರ್ಕಿನ್‌ಸನ್ ಸಂಶೋಧನೆಗೆ. ಅವತ್ತು ನುಡಿಸಿದ ನಾಲ್ಕು ಹಾಡಿನಲ್ಲಿ ಒಂದು ಈ ಮೊದಲ ಆಲ್ಬಮ್ಮಿನ 'ಎನ್.ಐ.ಬಿ.'. ಹದಿನೇಳು ದಿನಕ್ಕೆ ಓಜಿ ಹೋದ.

ಕೇಳಬೇಕು ಅನ್ನಿಸಿದೋರಿಗೆ: ರಾತ್ರಿ ಕೇಳಿ, ಮೊದಲ ಹಾಡಿನ ಮಳೆ ಸದ್ದು ದಾಟಿಸಿ ಮುಂದೆ ಓಡಬೇಡಿ. 'ಈವಿಲ್ ವುಮನ್' ಬಿಟ್ಟರೂ ನಷ್ಟ ಇಲ್ಲ. ಅಮೆರಿಕದಲ್ಲಿ ಬಿಟ್ಟ ಪ್ರತಿಯಲ್ಲಿ ಅದರ ಬದಲು 'ವಿಕೆಡ್ ವರ್ಲ್ಡ್' ಇದೆ, ಯುದ್ಧ ಮತ್ತೆ ಬಡತನದ ಬಗ್ಗೆ, ಅದನ್ನ ಹುಡುಕಿ ಕೇಳಿ. 'ವಾರ್ನಿಂಗ್' ಬಗ್ಗೆ ಜಗಳ ಆಡೋರಿದ್ದರೆ ಕಾಮೆಂಟಿಗೆ ಬನ್ನಿ, ಭಾನುವಾರ ರಜೆ ಇದೆ.